ಎರಡೂವರೆ ಬಂದಿದೆ

ಹೋದ ತಿಂಗಳು ಮನೆಗೆ ಪೇಂಟ್ ಮಾಡಿಸಲೆಂದು ಅಟ್ಟದ ಮೇಲಿದ್ದ ಸಾಮಾನು ಇಳಿಸುವಾಗ, ಮಗಳ ಹಳೆಯ ಆಟಿಕೆಗಳ ಡಬ್ಬಿಯಲ್ಲಿ ಒಂದು ವಿಷಲ್ ಸಿಕ್ಕಿತು. ಒರೆಸಿ ಊದಿದೆ. ಬಾಯಿಗೆ ಧೂಳು ಬಂತೇ ಹೊರತು ಸದ್ದು ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಊದಿದಾಗ ಒಳಗಿನ ಕಾಳು ಅಲ್ಲಾಡಿ ಕೀರಲಾಗಿ ಕೂಗಿತು. ಪೇಂಟರ್ ಏಣಿಯ ಮೇಲಿಂದಲೇ ಬೆಚ್ಚಿ ತಿರುಗಿದ. ನನಗೆ ಮಾತ್ರ ಮೂಡಲಪಾಳ್ಯದ ಆ ಮೆಟ್ಟಿಲು, ಅದರ ಕೆಳಗೆ ಲುಂಗಿ ಎತ್ತಿ ಕಟ್ಟಿ ನಿಂತಿದ್ದ ಕಂಡಕ್ಟರ್ ತಾತ…

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಅವರು ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಕೆಂಗೇರಿಯಲ್ಲಿದ್ದಳು. ನಾನು ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ನನ್ನ ಹೆಂಡತಿ ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುತ್ತಿದ್ದಳು. ನಮ್ಮ ಪುಟ್ಟಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ನರ್ಸರಿಯಿಂದ ಬಂದವಳನ್ನು ಸಂಜೆಯವರೆಗೆ ತಾತನೇ ನೋಡಿಕೊಳ್ಳುತ್ತಿದ್ದರು. "ಬಿಡಿ ಮೇಷ್ಟ್ರೇ, ಫುಟ್‌ಬೋರ್ಡಲ್ಲಿ ನೇತಾಡೋರನ್ನೇ ನೋಡ್ಕೊಂಡಿದೀನಿ, ಇವಳು ಯಾವ ಲೆಕ್ಕ" ಎಂದಿದ್ದರು.

ಪುಟ್ಟಿಗೆ ಮಾತು ತಡವಾಗಿ ಬಂದಿತ್ತು. ಆದರೆ ಒನ್, ಟೂ, ತ್ರೀ ಮಾತ್ರ ನೂರರವರೆಗೆ ಗಡಗಡ ಹೇಳುತ್ತಿದ್ದಳು. ಮನೆಗೆ ಬಂದವರ ಮುಂದೆಲ್ಲ ಹೇಳಿಸಿ ನಾನು ಬೀಗುತ್ತಿದ್ದೆ. ಒಂದು ದಿನ ತಾತ, "ಪುಟ್ಟಿ, ಮೂರು ಸ್ಪೂನ್ ತಗೊಂಡ್ ಬಾ" ಎಂದರು. ಅವಳು ಅಡುಗೆಮನೆಗೆ ಓಡಿ ಎರಡೂ ಕೈಯಲ್ಲಿ ಬಾಚಿಕೊಂಡು ಬಂದಳು. ಎಂಟೋ ಒಂಬತ್ತೋ ಸ್ಪೂನು, ಜೊತೆಗೆ ಒಂದು ಸೌಟು.

"ಮೇಷ್ಟ್ರೇ, ಇವಳಿಗೆ ಸ್ಟಾಪ್‌ಗಳ ಹೆಸರೆಲ್ಲ ಬಾಯಿಪಾಠ ಆಗಿದೆ. ಎಲ್ಲಿ ಇಳೀಬೇಕು ಅಂತ ಗೊತ್ತಿಲ್ಲ ಅಷ್ಟೆ" ಎಂದರು ತಾತ.

ಮಾರನೆಯ ದಿನದಿಂದ ನಮ್ಮ ಮಹಡಿಯ ಮೆಟ್ಟಿಲು ಬಸ್ಸಾಯಿತು. ಬೊಂಬೆ, ದಿಂಬು, ಚೆಂಡು, ನನ್ನ ಹೆಲ್ಮೆಟ್ಟು ಎಲ್ಲವೂ ಪ್ಯಾಸೆಂಜರು. ತಾತನ ಹಳೆಯ ವಿಷಲ್ ಕೊರಳಿಗೆ ಹಾಕಿಕೊಂಡ ಪುಟ್ಟಿಯೇ ಕಂಡಕ್ಟರು. ಬೊಂಬೆಗಳ ಪರವಾಗಿ ತಾತ "ಎರಡು ವಿಜಯನಗರ ಕೊಡಮ್ಮ" ಎಂದರೆ ಎರಡೇ ಚೀಟಿ ಹರಿದು ಕೊಡಬೇಕು. ಮೂರು ಕೊಟ್ಟಳೋ, ತಾತ "ಹೋಲ್ಡಾನ್!" ಎಂದು ಗುಡುಗುತ್ತಿದ್ದರು. ಬಸ್ಸು ನಿಲ್ಲುತ್ತಿತ್ತು, ಮತ್ತೆ ಎಣಿಸಬೇಕು. ದೊಡ್ಡ ಬೊಂಬೆ ಫುಲ್ಲು, ಚಿಕ್ಕದು ಹಾಫು. ಒಂದೆರಡು ತಿಂಗಳೊಳಗೆ ಮೂರು ಎಂದರೆ ಅವಳು ಮೂರೇ ತರುತ್ತಿದ್ದಳು. ಜೊತೆಗೆ ಮಾತೂ ಉಕ್ಕತೊಡಗಿತು. "ಇನ್ನೊಂದು ಬೇಕು", "ಇದು ಜಾಸ್ತಿ ಆಯ್ತು", "ಯಾರೂ ಇಳಿಯಲ್ಲ ತಾತ, ರೈಟ್!"

ತೊಂದರೆ ಒಂದೇ. ಹಣ್ಣಾದರೆ ಎರಡು, ಮನುಷ್ಯರಾದರೆ ಇಬ್ಬರು ಎಂದು ನಮ್ಮ ಕನ್ನಡ ಬೇರೆ ಬೇರೆಯಾಗಿ ಎಣಿಸುತ್ತದೆ. ಬಸ್ಸಿನಲ್ಲಿ ಮಾತ್ರ ಯಾರೂ 'ಇಬ್ಬರು ವಿಜಯನಗರ' ಎನ್ನುವುದಿಲ್ಲ. ಪುಟ್ಟಿ ಕಲಿತದ್ದು ಬಸ್ಸಿನ ಕನ್ನಡ.

ಒಂದು ಭಾನುವಾರ ನಮ್ಮ ಹೆಡ್ಮಾಸ್ಟರು ಹೆಂಡತಿ ಮತ್ತು ಪುಟ್ಟ ಮೊಮ್ಮಗನ ಜೊತೆ ಗೃಹಪ್ರವೇಶಕ್ಕೆ ಕರೆಯಲು ಬಂದರು. ಬಾಗಿಲು ತೆಗೆದ ಪುಟ್ಟಿ ಅವರನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದಳು: "ಅಪ್ಪಾ, ಎರಡೂವರೆ ಬಂದಿದೆ!"

ಹೆಡ್ಮಾಸ್ಟರು ವಾಚು ನೋಡಿಕೊಂಡರು. "ಇಲ್ಲಮ್ಮ, ಇನ್ನೂ ಹನ್ನೊಂದು ಗಂಟೆ."

"ಅಲ್ಲ, ಎರಡು ಫುಲ್, ಒಂದು ಹಾಫ್" ಎಂದು ಅವಳು ಒಬ್ಬೊಬ್ಬರಿಗೂ ಬೆರಳು ತೋರಿಸಿ ಎಣಿಸಿಕೊಟ್ಟಳು. ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕರು. ಹೆಡ್ಮಾಸ್ಟರು ನಗಲಿಲ್ಲ. "ಗಣಿತದ ಮೇಷ್ಟ್ರ ಮಗಳು…" ಎಂದು ಚಪ್ಪಲಿ ಬಿಟ್ಟರು.

ಅವರು ಹೋದ ಮೇಲೆ ನಾನು ದಡದಡ ಕೆಳಗಿಳಿದೆ. "ಮಗೂಗೆ ತಪ್ಪು ತಪ್ಪು ಕಲಿಸಬೇಡಿ ಸಾರ್. ಲೆಕ್ಕ ಅಂದ್ರೆ ಟಿಕೆಟ್ ಹರಿಯೋದಲ್ಲ" ಎಂದುಬಿಟ್ಟೆ. ತಾತ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಆಯ್ತು ಮೇಷ್ಟ್ರೇ" ಎಂದರು.

ಅವತ್ತಿಗೆ ಬಸ್ಸು ನಿಂತಿತು. ಅದೇ ಸಮಯಕ್ಕೆ ಪುಟ್ಟಿಯನ್ನು ಸೇರಿಸಬೇಕೆಂದಿದ್ದ ದೊಡ್ಡ ಶಾಲೆಯೊಂದರ ಇಂಟರ್‌ವ್ಯೂ ಹತ್ತಿರ ಬಂದಿತ್ತು. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂದು ನರ್ಸರಿಯವರು ಹೇಳಿದ್ದರು. ನಾನೂ ನನ್ನ ಹೆಂಡತಿಯೂ ಸಾರಿಗೆ ಉಪ್ಪು ಬೇಕಾದರೂ ಇಂಗ್ಲಿಷಿನಲ್ಲೇ ಕೇಳತೊಡಗಿದೆವು. ಮೂರನೆಯ ದಿನಕ್ಕೆ ಉಪ್ಪಿಲ್ಲದ ಸಾರನ್ನೇ ಮಾತಿಲ್ಲದೆ ಉಣ್ಣುವುದು ರೂಢಿಯಾಯಿತು. ತಾತ ಎಂದಿನಂತೆ ಪುಟ್ಟಿಗೆ ಊಟ ಮಾಡಿಸುತ್ತಿದ್ದರು, ಆಟ ಮಾತ್ರ ಆಡಿಸುತ್ತಿರಲಿಲ್ಲ. ಅವಳು ವಿಷಲ್ ಹಿಡಿದು, ಊದದೆ, ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ದೊಡ್ಡ ಶಾಲೆಯ ಮೇಡಂ ಬಾತುಕೋಳಿಗಳ ಚಿತ್ರ ತೋರಿಸಿ "ಹೌ ಮೆನಿ?" ಎಂದರು. ಪುಟ್ಟಿ ತುಟಿ ಬಿಗಿದಳು. ಮೂರು ಸಲ ಕೇಳಿ ಅವರು ಪುಸ್ತಕ ಮುಚ್ಚಿದರು. "ಮಗು ಸ್ವಲ್ಪ ಸ್ಲೋ ಅನ್ಸುತ್ತೆ" ಎಂದರು. ಹೊರಗೆ ಬಸ್ ಸ್ಟಾಪಿನಲ್ಲಿ ನನ್ನ ಹೆಂಡತಿ ಅತ್ತಳು. "ಮಾತಾಡ್ತಾ ಇದ್ದ ಮಗೂನ ಬಾಯಿ ಮುಚ್ಚಿಸಿದ್ದು ನೀವೇ ಕಣ್ರೀ." ನಾನು ಬಸ್ಸು ಬರುವ ದಾರಿ ನೋಡುತ್ತಾ ನಿಂತೆ.

ಆ ಸಂಜೆ ನನ್ನ ಹೆಂಡತಿಯೇ ಕೆಳಗೆ ಹೋಗಿ ತಾತನ ಹತ್ತಿರ ಮಾತಾಡಿದಳು. ನಾನು ಹೋಗಲಿಲ್ಲ. ಮಾರನೆಯ ದಿನ ಶಾಲೆಯಿಂದ ಬರುವಾಗ ಬೀದಿಯ ತಿರುವಿನಲ್ಲೇ "ರೈಟ್, ರೈಟ್!" ಕೇಳಿಸಿತು.

ಎರಡು ವಾರದ ನಂತರ ಪಕ್ಕದ ಬೀದಿಯ ಸಣ್ಣ ಶಾಲೆಗೆ ಹೋದೆವು. ತಾತನೂ ಇಸ್ತ್ರಿ ಮಾಡಿದ ಷರಟು ತೊಟ್ಟು ಬಂದರು. ಅಲ್ಲಿನ ಹೆಡ್ ಮಿಸ್ಸು ಪುಟ್ಟಿಯನ್ನು ಹತ್ತಿರ ಕರೆದು, "ಮನೇಲಿ ಎಷ್ಟು ಜನ ಇದೀರಮ್ಮ?" ಎಂದು ಕೇಳಿದರು.

"ಮೂರೂವರೆ. ಅಪ್ಪ, ಅಮ್ಮ, ತಾತ."

"ಅರ್ಧ ಯಾರು?"

"ನಾನು."

ಮಿಸ್ಸು ಕನ್ನಡಕ ತೆಗೆದರು. "ಇನ್ನೊಂದು ಪಾಪು ಬಂದ್ರೆ?"

ಪುಟ್ಟಿ ಅವಳಮ್ಮನನ್ನೊಮ್ಮೆ ಅನುಮಾನದಿಂದ ನೋಡಿ, "ನಾಲ್ಕು" ಎಂದಳು.

ನನ್ನ ಎಂಟನೇ ಕ್ಲಾಸಿನವರು ಅರ್ಧಕ್ಕೆ ಅರ್ಧ ಕೂಡಿಸಿ ಕಾಲು ಎಂದು ಬರೆಯುತ್ತಿದ್ದ ಕಾಲ ಅದು. ಮಿಸ್ಸು ನಗುತ್ತಾ "ಸೀಟ್ ಕೊಟ್ಟಿದೀನಿ. ಹಾಫಲ್ಲ, ಫುಲ್ಲೇ" ಎಂದರು. ಹೊರಗೆ ಬಂದ ಮೇಲೆ ತಾತ, "ನನ್ನನ್ನೂ ಸೇರಿಸಿದ್ಲು ಮೇಷ್ಟ್ರೇ" ಎಂದಷ್ಟೇ ಹೇಳಿ ಮುಖ ಆ ಕಡೆ ತಿರುಗಿಸಿಕೊಂಡರು.

ಪುಟ್ಟಿ ಎರಡನೇ ಕ್ಲಾಸಿನಲ್ಲಿದ್ದಾಗ ತಾತನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ನೀರು ಎನ್ನಲು ಬಾರದು, ಸ್ವಂತ ಮಗಳ ಹೆಸರೂ ಬಾರದು. ಆದರೆ ಒಂದು, ಎರಡು ಎಂದು ಶುರುವಿಟ್ಟರೆ ಸಲೀಸಾಗಿ ಹೋಗುತ್ತಿದ್ದರು. ಬಾಯಿಪಾಠವಾದದ್ದು ಹಾಗೆ ಉಳಿಯುವುದುಂಟು ಎಂದರು ಡಾಕ್ಟರು. ಎಷ್ಟು ಇಡ್ಲಿ ಬೇಕೆಂದು ಕೇಳಿದರೆ ಒಂದರಿಂದ ಹೊರಟು, ನಿಲ್ಲಲಾಗದೆ, ಹನ್ನೆರಡು ದಾಟಿ ಕಣ್ಣು ಕಣ್ಣು ಬಿಡುತ್ತಿದ್ದರು. ಉಪಾಯ ಹುಡುಕಿದವಳು ಪುಟ್ಟಿ. ಎದುರಿಗೆ ಕೂತು ಅವರ ಮುಖವನ್ನೇ ನೋಡುತ್ತಿದ್ದು, ಮೂರಕ್ಕೆ ಬಂದಾಗ ಹುಬ್ಬು ಅಲ್ಲಾಡಿತೋ, "ಹೋಲ್ಡಾನ್!" ಎಂದು ಚೀರುತ್ತಿದ್ದಳು. ತಾತ ಥಟ್ಟನೆ ನಿಲ್ಲುತ್ತಿದ್ದರು. ಸೊಟ್ಟ ಬಾಯಲ್ಲೇ ನಗುತ್ತಿದ್ದರು. ತಟ್ಟೆಗೆ ಮೂರು ಇಡ್ಲಿ ಬೀಳುತ್ತಿತ್ತು.

ತಾತನ ಮಗಳು ಅವರನ್ನು ಕೆಂಗೇರಿಗೆ ಕರೆದೊಯ್ಯುವ ಹಿಂದಿನ ದಿನ ನಾನೊಬ್ಬನೇ ಹೋಗಿ ಅವರ ಮಂಚದ ಪಕ್ಕ ಕೂತೆ. ಆವತ್ತಿನ ಮಾತಿಗೆ ತಪ್ಪಾಯಿತು ಎನ್ನಬೇಕೆಂದೇ ಹೋಗಿದ್ದೆ. ಬಾಯಿಗೆ ಬಂದದ್ದು, "ಕಾಫಿ ಆಯ್ತಾ ಸಾರ್?" ತಾತ ಒಂದು, ಎರಡು ಎಂದು ಶುರು ಮಾಡಿದರು. ಎಲ್ಲಿ ನಿಲ್ಲಿಸಬೇಕೆಂದು ನನಗೆ ತಿಳಿಯಲಿಲ್ಲ. ಮೂವತ್ತು ದಾಟಿದರು, ನಲವತ್ತು ದಾಟಿದರು… ನಾನು ತಲೆ ಆಡಿಸುತ್ತಾ ಕೂತೇ ಇದ್ದೆ.

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಕೆಂಗೇರಿಯಿಂದ ಫೋನ್ ಬಂತು. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಪುಟ್ಟಿಗೆ ಫೋನ್ ಮಾಡಿ ತಾತ ನೆನಪಿದ್ದಾರಾ ಎಂದು ಕೇಳಿದೆ. "ಧ್ವನಿ ನೆನಪಿದೆ ಅಪ್ಪ. ಮುಖ ಬರ್ತಾ ಇಲ್ಲ. ಫೋಟೋ ಇದ್ರೆ ಕಳ್ಸಿ" ಎಂದಳು. ಫೋಟೋ ಇಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾವು ಒಂದೂ ತೆಗೆಸಿಕೊಂಡಿರಲಿಲ್ಲ. ಬಾಯಲ್ಲೇ ಹೇಳತೊಡಗಿದೆ. ಬೋಳು ತಲೆ, ಉದ್ದನೆಯ ಕಿವಿ, ನಕ್ಕರೆ ಎಡಗಡೆ ಒಂದು ಹಲ್ಲು ಇರಲಿಲ್ಲ… ಎಡಗಡೆಯೋ ಬಲಗಡೆಯೋ ಎಂದು ಅನುಮಾನ ಬಂತು. "ಹೇಳಿ ಅಪ್ಪ" ಎಂದಳು ಪುಟ್ಟಿ ಆ ಕಡೆಯಿಂದ.