ಗಿರಣಿ ಹಾಡಿನ ಕೊನೆ

ಮಸ್ಕಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಶೇಖರಮ್ಮ ಹನ್ನೊಂದು ವರ್ಷ ಆಪರೇಟರಾಗಿದ್ದಳು. ಊರಿನವರಿಗೆ ಅವಳ ಮುಖಕ್ಕಿಂತ ದನಿಯ ಗುರುತೇ ಹೆಚ್ಚು. ಬಟ್ಟೆ ಅಂಗಡಿ ಅಮರಗುಂಡಪ್ಪನವರ ಹಿರಿಮಗಳು, ಹಣೆ ತುಂಬ ವಿಭೂತಿ, ಎಷ್ಟು ಸಿಟ್ಟು ಬಂದರೂ ದನಿ ಏರಿಸದ ಹೆಣ್ಣು. ಏರಿಸುವುದಾದರೂ ಎಲ್ಲಿ? ಮನೆಯಲ್ಲಿ ಅಪ್ಪ ಮಾತಾಡುವಾಗ ಉಳಿದವರು ಕೇಳಬೇಕು, ಎಕ್ಸ್‌ಚೇಂಜಿನಲ್ಲಿ ಇಡೀ ಊರು ಮಾತಾಡುವಾಗ ಇವಳು ಸುಮ್ಮನಿರಬೇಕು. ಬೇರೆಯವರ ಮಾತಿಗೆ ದಾರಿ ಮಾಡಿಕೊಟ್ಟು ತಾನು ಪಕ್ಕಕ್ಕೆ ಸರಿಯುವುದೇ ಅವಳ ಕಸುಬಾಗಿತ್ತು.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಎದುರಿಗೆ ಒಂದು ಮರದ ಬೋರ್ಡು, ಅದರ ತುಂಬ ತೂತು. ಯಾರಾದರೂ ಫೋನೆತ್ತಿದರೆ ಅವರ ನಂಬರಿನ ತಗಡಿನ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಅಲ್ಲಿಗೊಂದು ವೈರು ಚುಚ್ಚಿ, ಅವರು ಕೇಳಿದ ಕಡೆಗೆ ಅದರ ಜೋಡಿ ವೈರು ಚುಚ್ಚಬೇಕು. ಸಿಂಧನೂರಿನವರು ಲಿಂಗಸುಗೂರಿಗೆ ಮಾತಾಡಬೇಕೆಂದರೂ ನಡುವೆ ಮಸ್ಕಿ ಬರುತ್ತಿತ್ತು. ಸಿಂಧನೂರಿನ ಬೋರ್ಡಿಗೆ ಹೊನ್ನೂರಪ್ಪ, ಲಿಂಗಸುಗೂರಿನದಕ್ಕೆ ಗುಲ್ಷನ್‌ಬೀ. ಮೂವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೆ ಯಾರಿಗೆ ನೆಗಡಿ, ಯಾರ ಮನೆಯಲ್ಲಿ ಜಗಳ ಎಂಬುದೆಲ್ಲ ದನಿಯಲ್ಲೇ ತಿಳಿದುಹೋಗುತ್ತಿತ್ತು.

1986ರ ಬೇಸಿಗೆಯಲ್ಲಿ ಬಂಗಾಳಿ ನಿರಾಶ್ರಿತರಿದ್ದ ಆರ್.ಎಚ್. ಕ್ಯಾಂಪಿನ ನಿತಾಯ್ ಮಂಡಲ್ ಎಂಬವನು, ಕಲ್ಕತ್ತೆಯ ತಮ್ಮನಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಸಿಂಧನೂರಿನ ಎಕ್ಸ್‌ಚೇಂಜಿನಲ್ಲಿ ದಿನಗಟ್ಟಲೆ ಕೂರುತ್ತಿದ್ದ. ಬೇಸರ ಕಳೆಯಲು ಟೇಪ್‌ರೆಕಾರ್ಡರನ್ನೂ ತರುತ್ತಿದ್ದ. ತಮ್ಮ ಕೊಟ್ಟ ಒಂದು ಕ್ಯಾಸೆಟ್ ಅದರಲ್ಲಿ ಸದಾ ಒದರುತ್ತಿತ್ತು. ಹೊನ್ನೂರಪ್ಪ ಮೊದಲು ಕಿವಿ ಮುಚ್ಚಿಕೊಂಡ. ವಾರದ ಹೊತ್ತಿಗೆ ತಾನೇ ಖಾಲಿ ಕ್ಯಾಸೆಟ್ ತಂದು ನಕಲು ಮಾಡಿಸಿಕೊಂಡ. ಮೂಲ ಕ್ಯಾಸೆಟ್ ಮುಂದೆ ಕ್ಯಾಂಪಿಗೆ ಬಂದುಹೋದ ತಮ್ಮನ ಜೊತೆಗೇ ಕಲ್ಕತ್ತೆಗೆ ಹೋಯಿತು.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಮೂರೂ ಊರು ಉಂಡು ಮಲಗುವ ಹೊತ್ತು, ಬೋರ್ಡಿಗೂ ನಿದ್ದೆ. ಅಂಥದೊಂದು ಹೊತ್ತಿನಲ್ಲಿ ಹೊನ್ನೂರಪ್ಪನ ದನಿ ಬಂತು.

"ಅಕ್ಕಾರ, ಲಿಂಗಸುಗೂರು ಲೈನೂ ಕೂಡಸ್ರಿ. ಒಂದು ಚೀಜ್ ಐತಿ. ಪಂಕ್ ಮ್ಯೂಜಿಕ್ ಅಂತಾರಂತ ಇದಕ್ಕ."

ಶೇಖರಮ್ಮ ಕೂಡಿಸಿದಳು. ಹೊನ್ನೂರಪ್ಪ ತನ್ನ ಮಾತಿನ ಕೊಳವೆಯನ್ನು ಟೇಪ್‌ರೆಕಾರ್ಡರಿನ ಮುಂದೆ ಹಿಡಿದ. ಡ್ರಮ್ಮು ಧಡಧಡ ಬಿತ್ತು, ಗಿಟಾರು ಕಿರಗುಟ್ಟಿತು, ಯಾರೋ ಗಂಟಲು ಹರಿಯುವಂತೆ ಕೂಗಿದ.

"ಯಾ ಅಲ್ಲಾ! ಲೇ ಹೊನ್ನೂರಾ, ಯಾರನ್ನ ಹೊಡ್ಯಾಕತ್ತಾರಲೇ ಅಲ್ಲಿ?" ಎಂದಳು ಗುಲ್ಷನ್‌ಬೀ.

ಇಷ್ಟು ಜೋರಾಗಿ ಕೂಗಿದರೂ ಯಾರೂ ಇವನಿಗೆ ಸುಮ್ಮನಿರು ಅನ್ನುವುದಿಲ್ಲವಲ್ಲ ಎಂದು ಶೇಖರಮ್ಮನಿಗೆ ಹೊಟ್ಟೆಕಿಚ್ಚಾಯಿತು. ಮರುದಿನ ಎರಡಕ್ಕೆ ಸರಿಯಾಗಿ ಅವಳೇ ಸಿಂಧನೂರಿನ ಗಂಟೆ ಬಾರಿಸಿದಳು.

ಹಾಗೆ ಶುರುವಾದದ್ದು ಎಂಟು ವರ್ಷ ನಡೆಯಿತು. ನಕಲಿನ ಮೇಲೆ ನಿತಾಯ್ ಬರೆದುಕೊಟ್ಟ ಬಂಗಾಳಿ ಅಕ್ಷರ ಯಾರಿಗೂ ಓದಲು ಬಾರದ್ದರಿಂದ ಹಾಡುಗಳಿಗೆ ತಾವೇ ಹೆಸರಿಟ್ಟುಕೊಂಡರು. ಒಂದು ಅತ್ತಿ-ಸೊಸಿ ಹಾಡು, ಒಂದು ಬಸ್ ತಪ್ಪಿದವನ ಹಾಡು. ಗುಲ್ಷನ್‌ಬೀ ಹಟ್ಟಿಯ ಗಣಿ ಕಾಲೊನಿಯಿಂದ ಅಂಥವೇ ಎರಡು ಕ್ಯಾಸೆಟ್ ಹೊಂದಿಸಿ ಲಿಂಗಸುಗೂರಿನಿಂದ ಕೇಳಿಸಿದಳು. ಶೇಖರಮ್ಮನ ಮನೆಯಲ್ಲಿ ವಚನ ಬಿಟ್ಟು ಬೇರೆ ಕ್ಯಾಸೆಟ್ ಹಾಕುವ ಹಾಗಿರಲಿಲ್ಲ. ಕೊಡಲು ಅವಳ ಬಳಿ ಹಾಡಿರಲಿಲ್ಲ, ಹಾಡು ಹಾಯುವ ದಾರಿ ಇತ್ತು. ಅದನ್ನು ಒಂದು ದಿನವೂ ಮುಚ್ಚಲಿಲ್ಲ.

ಅವಳ ಜೀವ ಇದ್ದದ್ದು ಮಾತ್ರ ಕ್ಯಾಸೆಟ್ಟಿನ ಕೊನೆಯ ಹಾಡಿನಲ್ಲಿ. ಗಿಟಾರು ಅಕ್ಕಿ ಗಿರಣಿಯ ಹಾಗೆ ಗುರುಗುಟ್ಟುವುದರಿಂದ ಅದು ಗಿರಣಿ ಹಾಡು. ಹಾಡುವವನು ಮೆತ್ತಗೆ ಏನೋ ಒಂದು ಪ್ರಶ್ನೆ ಕೇಳುತ್ತಾನೆ. ಮತ್ತೆ ಕೇಳುತ್ತಾನೆ, ಇನ್ನೂ ಜೋರಾಗಿ ಕೇಳುತ್ತಾನೆ. ಮಾತು ತಿಳಿಯದಿದ್ದರೂ ಪ್ರಶ್ನೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಅವನಿಗೆ ಉತ್ತರ ಸಿಕ್ಕಿತೇ? ಅದೊಂದೇ ಅವಳಿಗೆ ಗೊತ್ತಾಗಬೇಕಿತ್ತು. ನಾಲ್ಕನೆಯ ಸಲ ಕೇಳುವಷ್ಟರಲ್ಲಿ ಹೊನ್ನೂರಪ್ಪ, "ಕಾಲ್ ಬಂತ್ರೀ ಅಕ್ಕಾರ, ಮಿಲ್ಲಿನವ್ರು" ಎಂದು ಬಂದ್ ಮಾಡಿಬಿಡುತ್ತಿದ್ದ. ಸಿಂಧನೂರು ಮೊದಲೇ ಭತ್ತದ ಊರು, ಮಿಲ್ಲಿನವರಿಗೆ ಹೊತ್ತುಗೊತ್ತಿಲ್ಲ ಎಂದು ಅವಳೂ ಮಿಲ್ಲಿನವರನ್ನು ಶಪಿಸುತ್ತಿದ್ದಳು. "ನಾಳಿ ಪೂರಾ ಹಚ್ಚು ಹೊನ್ನೂರಪ್ಪ" ಎನ್ನುತ್ತಿದ್ದಳು. ಕ್ಯಾಸೆಟ್ಟನ್ನಾದರೂ ಬಸ್ಸಿನವರ ಕೈಲಿ ಕಳಿಸು ಎಂದರೆ, ಬೇರೆ ಸೆಟ್ಟಿಗೆ ಹಾಕಿದರೆ ರೀಲು ಸುತ್ತಿಕೊಳ್ಳುತ್ತದೆ ಎಂದು ಅವನು ಜಾರಿಕೊಳ್ಳುತ್ತಿದ್ದ.

1994ರ ಶ್ರಾವಣದಲ್ಲಿ ಆಟೊಮ್ಯಾಟಿಕ್ ಮಷೀನು ಬಂತು. ಇನ್ನು ನಂಬರು ತಿರುಗಿಸಿದರೆ ಸಾಕು, ನಡುವೆ ಯಾರೂ ಬೇಕಿಲ್ಲ. ಮೂರೂ ಊರಿನ ಫೋನುಗಳು ಒಂದೇ ದಿನ ಹೊಸ ಮಷೀನಿಗೆ ಹೋದವು. ಹಳೆಯ ಬೋರ್ಡುಗಳ ನಡುವೆ ಉಳಿದದ್ದು ಮೂರೂ ಊರು ಕೂಡಿಸುವ ಆ ಒಂದು ಲೈನು ಮಾತ್ರ. ಅದನ್ನು ಕತ್ತರಿಸಲು ಲೈನ್‌ಮನ್ ಬಾಲಪ್ಪ ಮೂರು ಗಂಟೆಗೆ ಬರುವವನಿದ್ದ. ನಾಳೆಯಿಂದ ಶೇಖರಮ್ಮನಿಗೆ ಅರ್ಜಿ ತೆಗೆದುಕೊಳ್ಳುವ ಟೇಬಲ್ಲು.

ಎರಡೂವರೆಗೆ ಅವಳು ಎರಡೂ ಊರು ಕೂಡಿಸಿದಳು.

"ಹೊನ್ನೂರಪ್ಪ, ಇವತ್ತು ಯಾ ಕಾಲೂ ಬರೂದಿಲ್ಲ. ಗಿರಣಿ ಹಾಡು ಪೂರಾ ಹಚ್ಚು."

"ಬ್ಯಾಡ ಬಿಡ್ರೀ ಅಕ್ಕಾರ. ಬ್ಯಾರೆ ಹಚ್ತೀನಿ."

"ಹಚ್ಚೋ ಬೇ, ಎಷ್ಟ್ ಸತಾಯಸ್ತಿ," ಎಂದಳು ಗುಲ್ಷನ್‌ಬೀ.

ಕೊನೆಗೆ ಹೊನ್ನೂರಪ್ಪ ಹಚ್ಚಿದ. ಗಿರಣಿ ತಿರುಗಿತು. ಹಾಡುವವನು ಒಮ್ಮೆ ಕೇಳಿದ, ಎರಡನೆಯ ಸಲ ಕೇಳಿದ, ಮೂರನೆಯ ಸಲ ಕೇಳಿದ. ಶೇಖರಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ನಾಲ್ಕನೆಯ ಸಲ ಅವನು ಬಾಯಿ ತೆರೆದನಷ್ಟೆ, ಟಕ್ಕೆಂದು ಟೇಪ್‌ರೆಕಾರ್ಡರಿನ ಬಟನ್ ಮೇಲೆದ್ದ ಸದ್ದು ಕೇಳಿಸಿತು.

"ಯಾಕ ಬಂದ್ ಮಾಡಿದಿ?"

"ನಾ ಮಾಡ್ಲಿಲ್ರೀ. ರೀಲು ಮುಗೀತು. ಅಷ್ಟ ಐತಿ ಅದರಾಗ." ಹೊನ್ನೂರಪ್ಪನ ದನಿ ಸಣ್ಣಗಾಯಿತು. "ನಿತಾಯ್‌ದು ತೊಂಬತ್ತು ನಿಮಿಷದ ಕ್ಯಾಸೆಟ್ಟು, ನಾ ಒಯ್ದದ್ದು ಅರವತ್ತರದು. ಕಡೀ ಹಾಡು ಅರ್ಧಕ್ಕ ನಿಂತೈತಿ."

"ಮತ್ತ ಕಾಲ್ ಬಂತು, ಕಾಲ್ ಬಂತು ಅಂತಿದ್ದಿ?"

"ನೀವು ದಿನಾ 'ನಾಳಿ ಪೂರಾ ಹಚ್ಚು' ಅಂತಿದ್ರಲ್ರೀ. ಇಲ್ಲಂತ ಹೇಳಿದ್ರ ಆ ಮಾತು ಅಂತಿದ್ದಿಲ್ಲ ನೀವು. ನನಗ ಅದು ಬೇಕಾಗಿತ್ತು."

ಆಗ ಶೇಖರಮ್ಮ ಒದರಿದಳು. "ಎಂಟು ವರ್ಷ! ಎಂಟು ವರ್ಷ ಕಾದೀನಲ್ಲೋ ನಾನು!" ಅಂಥ ದನಿ ತನ್ನೊಳಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹೊರಗಿದ್ದ ಬಾಲಪ್ಪ ಇಕ್ಕಳ ಹಿಡಿದು ಓಡಿಬಂದ. ಆ ತುದಿಯಲ್ಲಿ ಗುಲ್ಷನ್‌ಬೀ ಮೊದಲು ನಕ್ಕಳು, ಆಮೇಲೆ ಅಳು ಬಂದು ಮೂಗೆಳೆದುಕೊಂಡಳು. ಶೇಖರಮ್ಮನಿಗೂ ಕಣ್ಣು ತುಂಬಿ ಬಂತು. ಕಾದದ್ದು ಸುಳ್ಳಿಗೆ ಎಂದು ಸಿಟ್ಟಿತ್ತು. ಆದರೆ ತನ್ನ ಒಂದು ಮಾತಿಗಾಗಿ ಇನ್ನೊಬ್ಬನೂ ಅಷ್ಟೇ ವರ್ಷ ಕಾದಿದ್ದನಲ್ಲ ಎಂಬುದೂ ಇತ್ತು.

"ಇನ್ನೊಮ್ಮೆ ಹಚ್ಚು," ಎಂದಳು ಮೆಲ್ಲಗೆ.

ಅವನು ಹಚ್ಚಿದ. ಹಾಡು ಅಲ್ಲಿಗೇ ಬಂದು ಅಲ್ಲಿಗೇ ನಿಂತಿತು. ಈ ಸಲ ಯಾರೂ ಹೆಡ್‌ಫೋನ್ ತೆಗೆಯಲಿಲ್ಲ. ಮೂವರ ಉಸಿರು ಮಾತ್ರ ಲೈನಿನಲ್ಲಿ ಹೋಗಿ ಬಂದು ಮಾಡುತ್ತಿತ್ತು.

ಬಾಲಪ್ಪ ಗಡಿಯಾರ ನೋಡಿದ. ಮೂರು ದಾಟಿತ್ತು. "ಮೇಡಮ್ಮಾರ, ತಗೀಲೇನ್ರೀ?"

ಶೇಖರಮ್ಮ ಅವನ ಕಡೆ ತಿರುಗದೆ ಕೈಯೆತ್ತಿ ತಡೆದಳು.

"ತಡಿ ಬಾಲಪ್ಪ. ಹಾಡು ಇನ್ನಾ ಮುಗಿದಿಲ್ಲ."