ಇಸಿಜಿಯಲ್ಲಿ ನಡುಗಿದ್ದು

ಅಪ್ಪ ಕುಡಿಯಲು ಶುರು ಮಾಡಿದ್ದಾನೆ ಎಂಬ ಅನುಮಾನ ಮೊದಲು ಬಂದದ್ದು ಅವ್ವನಿಗೆ. ನಾನು ಗಂಗಾವತಿಯಲ್ಲಿ, ಗಂಡನ ಮನೆಯಲ್ಲಿದ್ದೆ. ಅವ್ವ ಕುಷ್ಟಗಿಯಿಂದ ಫೋನ್ ಮಾಡಿ, ಪಕ್ಕದ ಮನೆಯವರಿಗೆ ಕೇಳಬಾರದೆಂದು ದನಿ ತಗ್ಗಿಸಿ ಹೇಳಿದಳು: "ನಿಮ್ಮಪ್ಪ ಈಗ ನನ್ನ ಮುಂದ ಕುಂತು ಊಟ ಮಾಡಂಗಿಲ್ಲ. ಅಂಗಡಿಯಿಂದ ಸೀದಾ ಮನಿಗೂ ಬರಂಗಿಲ್ಲ. ಬಾಯಾಗ ಯಾವಾಗ್ಲೂ ಏಲಕ್ಕಿ. ನೀನ ತಿಳ್ಕೊ."

ಅಪ್ಪ ಟೇಲರ್. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದೊಂದು ಸಣ್ಣ ಅಂಗಡಿ. ಹೆಂಗಸರ ಜಂಪರ್, ಅಂದರೆ ರವಿಕೆ, ಕತ್ತರಿಸುವುದರಲ್ಲಿ ಅವನ ಕೈಗೆ ಹೆಸರಿತ್ತು. ಯಲಬುರ್ಗಾದಿಂದಲೂ ಹೆಣ್ಣುಮಕ್ಕಳು ಮದುವೆಯ ಬಟ್ಟೆ ಹಿಡಿದು ಬರುತ್ತಿದ್ದರು. ಅವನಿಗಿದ್ದ ಚಟ ಚಹಾ ಒಂದೇ. ಅವ್ವನ ಮಾತು ನಂಬಲಾಗಲಿಲ್ಲ. ಆದರೂ ತವರಿಗೆ ಹೋದಾಗ ನನ್ನ ಕಣ್ಣು ಅವನ ಮೇಲೆಯೇ ಇತ್ತು. ಬಲಗೈ ಸದಾ ಜೇಬಿನಲ್ಲಿ. ಚಹಾ ಕೊಟ್ಟರೆ "ಅಲ್ಲಿಡವ್ವಾ" ಎಂದು, ನಾನು ಒಳಗೆ ಹೋದ ಮೇಲೆ ಕುಡಿಯುತ್ತಿದ್ದ. ಒಮ್ಮೆ ಬಾಗಿಲ ಸಂದಿಯಿಂದ ನೋಡಿದೆ. ಎಡಗೈಯಲ್ಲಿ ಕಪ್ಪು ಎತ್ತುತ್ತಿದ್ದ. ತೊಡೆಯ ಮೇಲಿದ್ದ ಬಲಗೈ ನಡುಗುತ್ತಿತ್ತು.

ಕುಡಿಯುವವರ ಕೈ ನಡುಗುವುದನ್ನು ನಾನು ಸಂಬಂಧಿಕರಲ್ಲೇ ನೋಡಿದ್ದೆ. ಅನುಮಾನ ನನಗೂ ಅಂಟಿಕೊಂಡಿತು. ಅವನು ಜಳಕಕ್ಕೆ ಹೋದಾಗ ಅಂಗಿ ಮೂಸಿ ನೋಡಿದೆ. ಹೊಸ ಬಟ್ಟೆಯ ಗಂಜಿ ವಾಸನೆ ಬಿಟ್ಟರೆ ಬೇರೇನಿಲ್ಲ. ಮುಚ್ಚಿಡುವುದರಲ್ಲಿ ಪಳಗಿದ್ದಾನೆ ಅಂದುಕೊಂಡೆನೇ ಹೊರತು, ಕುಡಿದಿಲ್ಲ ಅಂದುಕೊಳ್ಳಲಿಲ್ಲ.

ಅದೇ ವಾರ ದೂರದ ಊರಿನ ಖಾಸಗಿ ಆಸ್ಪತ್ರೆಯೊಂದು ನಮ್ಮೂರ ಕಲ್ಯಾಣ ಮಂಟಪದಲ್ಲಿ ಪುಕ್ಕಟೆ ಹೃದಯ ತಪಾಸಣೆ ಇಟ್ಟಿತ್ತು. "ಡಾಕ್ಟರ್ ಮುಂದ ಸುಳ್ಳು ನಡಿಯಂಗಿಲ್ಲ, ಕರ್ಕೊಂಡು ಹೋಗು" ಎಂದು ಅವ್ವ ಹಠ ಹಿಡಿದಳು. ಅಪ್ಪ ಒಲ್ಲದ ಮನಸ್ಸಿನಿಂದ ಬಂದ.

ಮೇಜಿನ ಮೇಲೆ ಮಲಗಿಸಿ ಕೈಕಾಲಿಗೆ ಕ್ಲಿಪ್ಪು, ಎದೆಗೆ ರಬ್ಬರ್ ಬಟ್ಟಲು ಹಚ್ಚಿ ಇಸಿಜಿ ತೆಗೆದರು. ಡಾಕ್ಟರು ಕಾಗದದ ಮೇಲೆ ಒಮ್ಮೆ ಕಣ್ಣಾಡಿಸಿ, "ಹೃದಯದ ಮೇಲಿನ ಖೋಲಿ ಲಯ ತಪ್ಪಿ ಪಟಪಟ ಬಡ್ಕೊಳ್ಳಾಕತ್ತೈತ್ರಿ. ತಡಾ ಮಾಡಬ್ಯಾಡ್ರಿ. ನಮ್ಮ ದವಾಖಾನಿಗೆ ಹೋಗಾಕ ಹೊರಗ ಗಾಡಿ ಐತಿ, ಹೆಸರು ಬರಸ್ರಿ" ಎಂದರು.

ಹೊರಗೆ ಗಾಡಿಯ ಮುಂದೆ ಆಗಲೇ ಕೆಲವರು ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ವಿಚಾರಿಸಿದರೆ ಅವರಿಗೂ ಹೆಚ್ಚುಕಡಿಮೆ ಇದೇ ಮಾತು. ಅಲ್ಲಿಯವರೆಗೆ ಅಪ್ಪನ ಮೇಲಿದ್ದ ನನ್ನ ಸಂಶಯ ಈಗ ಆ ಗಾಡಿಯ ಕಡೆಗೆ ತಿರುಗಿತು. ಮತ್ತೆ ಒಳಗೆ ಹೋಗಿ, ಬೇರೆ ಕಡೆ ತೋರಿಸುತ್ತೇವೆ ಎಂದು ಇಸಿಜಿ ಕಾಗದ ಕೇಳಿದೆ. ಡಾಕ್ಟರು ಅದನ್ನು ಕೈಗೆ ಕೊಡುತ್ತ ಅಂದರು:

"ನಿಮ್ಮಿಷ್ಟರಿ. ದಾರ್ಯಾಗ ಏನರ ಆದ್ರ ನಮ್ಮನ್ನ ಕೇಳಬ್ಯಾಡ್ರಿ."

ಮರುದಿನ ಕೊಪ್ಪಳದ ಬಸ್ಸಿನಲ್ಲಿ ಅಪ್ಪ ಆಕಳಿಸಿದರೂ ನಾನು ಹೆದರುತ್ತಿದ್ದೆ.

ಕೊಪ್ಪಳದ ಡಾಕ್ಟರಮ್ಮ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು. "ಈ ಉದ್ದನ ಮೊನಿ ಐತಲ್ರಿ, ಇದು ಕೆಳಗಿನ ಖೋಲಿಗೆ ಕರೆಂಟ್ ಹರಿದಾಗ ಬರೋದು. ಒಂದರಿಂದ ಇನ್ನೊಂದಕ್ಕ ಅಂತರ ನೋಡ್ರಿ."

ಕಾಗದದ ಚೌಕಗಳನ್ನು ಎಣಿಸಿದೆ. ಎಲ್ಲೆಡೆ ಒಂದೇ ಅಂತರ.

"ಪ್ರತಿ ಮೊನಿಕಿಂತ ಮೊದಲ ಒಂದು ಸಣ್ಣ ಉಬ್ಬು ಇರಬೇಕು. ಅದು ಮೇಲಿನ ಖೋಲಿದು. ಇಲ್ಲಿ ಉಬ್ಬು ಕಾಣವಲ್ದು, ಬರೇ ಗರಗಸದ ಹಲ್ಲು ಕಾಣ್ತಾವ. ಅದಕ್ಕ ಅವರು ಹಂಗ ಅಂದಾರ."

"ಹಂಗಾರ ಅವರು ಹೇಳಿದ್ದು ಖರೇ ಏನ್ರಿ?"

"ಮೂರನೇ ಸಾಲು ನೋಡ್ರಿ."

ಅಲ್ಲಿ ಗರಗಸವಿರಲಿಲ್ಲ. ಸಣ್ಣ ಉಬ್ಬು, ಚೂಪು ಮೊನೆ, ಆಮೇಲೆ ದುಂಡನೆಯ ಅಲೆ. ಹಾಗೆಯೇ ಸಾಲಿನ ಕೊನೆಯವರೆಗೆ.

"ಇರೋ ಹೃದಯ ಒಂದ. ಅದು ಹಂಗ ಬಡ್ಕೊಂಡಿದ್ರ ಈ ಸಾಲು ಇಷ್ಟು ಸ್ವಚ್ಛ ಬರ್ತಿರಲಿಲ್ಲ. ಇದು ಎಡಗೈ, ಎಡಗಾಲಿನ ಕ್ಲಿಪ್ಪಿನ ನಡುವಿನ ಸಾಲು. ಬಲಗೈ ಕೂಡಿದ ಸಾಲುಗಳಷ್ಟ ಕೆಟ್ಟಾವ." ಅವರು ಅಪ್ಪನತ್ತ ತಿರುಗಿದರು. "ಯಜಮಾನ್ರ, ಜೇಬಿನಾಗಿನ ಕೈ ಹೊರಗ ತಗೀರಿ."

ಅಪ್ಪ ನನ್ನ ಮುಖ ನೋಡಿ, ನಿಧಾನವಾಗಿ ಕೈ ತೆಗೆದು ಮೇಜಿನ ಮೇಲಿಟ್ಟ. ಅದು ಬೀಡಿ ಹೊಸೆಯುವ ಕೈಯಂತೆ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು.

ಕೇಳಿಯೇಬಿಟ್ಟೆ. "ಕುಡಿಯಾಕತ್ತೀ ಏನಪ್ಪಾ?"

"ಹೋದ ದೀಪಾವಳಿಯಿಂದ ಹಿಂಗಾಗೇತಿ. ಕತ್ತರಿ ಹಿಡಿದ್ರ ನಡುಗು ಕಡಿಮಿ ಆಗತೈತಿ, ಆದ್ರ ಬಟ್ಟು ಹೇಳಿದಂಗ ಕೇಳವಲ್ವು. ನಿಮ್ಮವ್ವ ಕುಡಿತಾನ ಅನ್ಕೊಂಡಾಳ, ಗೊತ್ತೈತಿ ನನಗ. ಹಂಗ ಅನ್ಕೊಳ್ಳಲಿ ಅಂತನ ಏಲಕ್ಕಿ ತಿಂತಿದ್ದೆ."

"ಮತ್ಯಾಕ ಹೇಳಲಿಲ್ಲ?"

"ಕುಡಿಯೋ ಟೇಲರ್‌ಗೆ ಮಂದಿ ಬಟ್ಟಿ ಕೊಡ್ತಾರವ್ವಾ. ಕೈ ಬಿದ್ದ ಟೇಲರ್‌ಗೆ ಯಾರು ಕೊಡ್ತಾರ?"

ಡಾಕ್ಟರಮ್ಮ ಅಪ್ಪನ ಬಲಗೈಯ ಕ್ಲಿಪ್ಪನ್ನು ಮಣಿಕಟ್ಟಿನ ಬದಲು ಭುಜದ ಹತ್ತಿರ ಹಚ್ಚಿ, ಕೈಯನ್ನು ಅವನ ತೊಡೆಯ ಕೆಳಗೇ ಅದುಮಿಡಿಸಿ ಮತ್ತೊಮ್ಮೆ ಇಸಿಜಿ ತೆಗೆದರು. ಎಲ್ಲ ಸಾಲುಗಳಲ್ಲೂ ಉಬ್ಬು, ಮೊನೆ, ಅಲೆ. "ಹೃದಯ ಛಲೋ ಐತ್ರಿ. ಮೊದಲಿನ ಕಾಗದದಾಗ ಗರಗಸ ಮೂಡಿಸಿದ್ದು ಈ ಕೈಯ ನಡುಕ. ಇದು ನರದ ರೋಗ ಇದ್ದಂಗೈತಿ. ಹುಬ್ಬಳ್ಳಿಗೆ ಹೋಗಿ ನರದ ಡಾಕ್ಟರಿಗೆ ತೋರಸ್ರಿ."

ಹುಬ್ಬಳ್ಳಿಯಲ್ಲಿ ಪಾರ್ಕಿನ್ಸನ್ ಎಂದು ಗೊತ್ತಾಯಿತು. ಗುಳಿಗೆ ಶುರುವಾದವು, ನಡುಕ ಪೂರ್ತಿ ನಿಲ್ಲದಿದ್ದರೂ ಎಷ್ಟೋ ಇಳಿಯಿತು. ತಪಾಸಣೆಯವರು ಕೆಲವು ದಿನ ಫೋನ್ ಮಾಡಿ "ಯಾವಾಗ ಬರ್ತೀರಿ" ಎಂದು ಕೇಳುತ್ತಲೇ ಇದ್ದರು. ಅವಸರದಲ್ಲಿ ತಪ್ಪು ಓದಿದ್ದರೋ, ಬೇಕೆಂದೇ ಹೆದರಿಸಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ. ಎರಡನೆಯದೇ ಇರಬೇಕೆಂದು ಮನಸ್ಸು ಹೇಳುತ್ತದೆ.

ವಿಷಯ ತಿಳಿದ ಮರುದಿನ ಅವ್ವ ಅಡುಗೆ ಮುಗಿಸಿ ತಾನೇ ಅಂಗಡಿಗೆ ಹೋಗಿ ಕುಳಿತಳು. ಕೆಲವು ತಿಂಗಳಲ್ಲಿ ಅಪ್ಪನಿಂದಲೇ ಕೆಲಸ ಕಲಿತಳು. ಈಗ ಅಳತೆ ಹೇಳುವವನು ಅಪ್ಪ, ಕತ್ತರಿ ಅವ್ವನದು. ಕೆಲವರು ಬೇರೆ ಟೇಲರ್ ನೋಡಿಕೊಂಡರು, ಹಲವರು ಉಳಿದರು. ಮೊನ್ನೆ ನಾನು ಹೋದಾಗ ಇಬ್ಬರಿಗೂ ಜೋರು ಜಗಳ ನಡೆದಿತ್ತು.

"ಕಂಕುಳ ಹತ್ರ ಬಿಗಿ ಮಾಡೀದಿ ನೋಡು" ಎಂದು ಅಪ್ಪ.

"ನೀವು ಹೇಳಿದ್ದ ಹಂಗ" ಎಂದು ಅವ್ವ, ಕತ್ತರಿ ಕೆಳಗಿಡದೆ.