ಚೀಟಿ ಕೊಟ್ಟ ಮೇಲೆ

ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್.

ಎದುರು ಕಟ್ಟಡದ ಮೆಟ್ಟಿಲುಗಳ ಮೇಲೆ ಊರುಗೋಲು ಇಳಿದು ಬರುತ್ತಿತ್ತು. ರಸ್ತೆಯ ಈಚೆ ಬದಿಯಲ್ಲಿ, ಬೀಗ ರಿಪೇರಿಯವನ ಮುಚ್ಚಿದ ಗೂಡಂಗಡಿಗೆ ಬೆನ್ನು ಕೊಟ್ಟು ನಿಂತಿದ್ದ ಚೀಟಿಯಮ್ಮ ಆ ಸದ್ದನ್ನು ಎಣಿಸುತ್ತಿದ್ದಳು. ಒಟ್ಟು ಇಪ್ಪತ್ತೆರಡು ಮೆಟ್ಟಿಲು. ಆರು ದಿನದಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಹನ್ನೊಂದನೆಯದರಲ್ಲಿ ಅವನು ನಿಲ್ಲುತ್ತಾನೆ, ಉಸಿರು ಎಳೆದುಕೊಳ್ಳುತ್ತಾನೆ. ಕೊನೆಯ ಎಂಟು ಮೆಟ್ಟಿಲು ಮಾತ್ರ ರಸ್ತೆಗೆ ಕಾಣುತ್ತವೆ. ಅಲ್ಲಿ ಮೊದಲು ಕೋಲಿನ ತುದಿ, ಆಮೇಲೆ ಚಪ್ಪಲಿ, ಆಮೇಲೆ ಎಡಕ್ಕೆ ವಾಲಿದ ಆ ದೊಡ್ಡ ಮೈ.

ಅವನು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಹಮಾಲಿ. ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ, ಇನ್ನು ಭಾರ ಎತ್ತಲಾರೆ ಎಂದು ವಿಮಾ ಕಂಪನಿಯಿಂದ ಪರಿಹಾರ ಕೇಳಿದ್ದ. ಅವನು ಏನನ್ನಾದರೂ ಎತ್ತುವುದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಚೀಟಿಯಮ್ಮನ ಕೆಲಸ. ಹಿಡಿದರೆ ಅವಳಿಗೆ ಆ ಕಂಪನಿಯಲ್ಲಿ ಖಾಯಂ ನೌಕರಿ, ಅವನಿಗೆ ಪರಿಹಾರವಿಲ್ಲ. ನಾಳೆ ಬೆಳಿಗ್ಗೆಯೇ ಅವನ ಅರ್ಜಿಯ ವಿಚಾರಣೆ. ಇವತ್ತು ತಪ್ಪಿದರೆ ಮುಗಿಯಿತು.

ಅವಳು ಈ ಕೆಲಸಕ್ಕೆ ಬಂದದ್ದು ಐವತ್ಮೂರನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದ ಮುಂದಿನ ಚೌಕವೇ ಅವಳ ಸ್ಟುಡಿಯೋ. ಅಪ್ಪ ತೀರಿಕೊಂಡ ಮೇಲೆ ಸೋದರಮಾವ ಅವಳ ಕೊರಳಿಗೆ ಕ್ಯಾಮೆರಾ ಹಾಕಿ, ಹೊಟ್ಟೆಪಾಡಿಗೆ ಒಂದು ದಾರಿ ತೋರಿಸಿದ್ದ. ನಡೆದು ಹೋಗುವವರನ್ನು ನಡೆಯುತ್ತಿರುವಂತೆಯೇ ಹಿಡಿಯುವ ವಿದ್ಯೆ ಅದು. ನಿಲ್ಲಿಸಬಾರದು, ನಗಿಸಬಾರದು. ಕ್ಯಾಮೆರಾ ಹೊಟ್ಟೆಯ ಮುಂದೆ ತೂಗುತ್ತಿರಬೇಕು, ಕಣ್ಣು ಬೇರೆಲ್ಲೋ ಇರಬೇಕು, ಬೆರಳು ತನ್ನ ಪಾಡಿಗೆ ತನ್ನ ಕೆಲಸ ಮಾಡಬೇಕು. ಒತ್ತಿದ ಮರುಗಳಿಗೆ ಎರಡು ಹೆಜ್ಜೆ ಮುಂದಿಟ್ಟು, ನಂಬರು ಹಾಕಿದ ಚೀಟಿಯನ್ನು ಅವರ ಕೈಗೆ ಕೊಟ್ಟು, ಸಂಜೆ ಐದಕ್ಕೆ ಕಲ್ಲುಬೆಂಚಿನ ಹತ್ತಿರ ಬನ್ನಿ, ಚೆನ್ನಾಗಿ ಬಂದಿದೆ ಎನ್ನಬೇಕು. ಇಷ್ಟವಿದ್ದವರು ಬಂದು ದುಡ್ಡು ಕೊಟ್ಟು ಒಯ್ಯುತ್ತಾರೆ, ಇಲ್ಲದವರು ಚೀಟಿಯನ್ನು ಚರಂಡಿಗೆ ಎಸೆಯುತ್ತಾರೆ.

ಮಾವ ಬೇರೇನೂ ಕಟ್ಟಳೆ ಹಾಕಿರಲಿಲ್ಲ, ಒಂದನ್ನು ಬಿಟ್ಟು. ಚೀಟಿ ಕೊಟ್ಟ ಮೇಲೆ ಫೋಟೋ ಅವರದ್ದು. ಅವರು ಬರದಿದ್ದರೂ ಅವರದ್ದೇ. ಹೀಗಾಗಿ ಯಾರೂ ಬಂದು ಕೇಳದ ಫೋಟೋಗಳು ಮೂವತ್ತನಾಲ್ಕು ವರ್ಷದಿಂದ ಚಪ್ಪಲಿ ಡಬ್ಬಿಗಳಲ್ಲಿ ತುಂಬಿ ಅವಳ ಮಂಚದಡಿ ಸೇರಿದ್ದವು. ಜೊತೆಗಿರುವ ಅಕ್ಕ, ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು, ಕಸ ಗುಡಿಸುವಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು. ನಿನ್ನ ಮಂಚದ ಕೆಳಗೆ ಒಂದು ಊರೇ ಇದೆ, ಅವರಿಂದಲಾದರೂ ಬಾಡಿಗೆ ವಸೂಲಿ ಮಾಡು ಎಂದು.

ಎಲ್ಲರ ಕೈಗೂ ಫೋನು ಬಂದ ಮೇಲೆ ಬೆಂಚಿಗೆ ಬರುವವರು ಕಡಿಮೆಯಾದರು. ಕಟ್ಟಕಡೆಗೆ ವಾರಕ್ಕೊಬ್ಬ ಬಂದರೆ ಹೆಚ್ಚು. ಹಾಗೆ ಬಂದ ಒಬ್ಬ ತನ್ನ ಫೋಟೋ ನೋಡಿ ಬೆಪ್ಪಾಗಿ ನಿಂತ. ಅದರಲ್ಲಿ ಅವನು ಮೂಗಿನಲ್ಲಿ ಬೆರಳಿಟ್ಟುಕೊಂಡು, ಯಾರೂ ನೋಡುತ್ತಿಲ್ಲವೆಂಬ ಪೂರ್ತಿ ಧೈರ್ಯದಿಂದ ರಸ್ತೆ ದಾಟುತ್ತಿದ್ದ. ನೀವು ಎಲ್ಲಿ ನಿಂತಿದ್ರಿ, ನನಗೆ ಕಾಣಿಸಲೇ ಇಲ್ಲವಲ್ಲ ಎಂದು ಮೂರು ಸಲ ಕೇಳಿದ. ವಿಮಾ ಕಂಪನಿಯ ಪರಿಹಾರ ವಿಭಾಗದ ಅಧಿಕಾರಿ ಅವನು. ಮರುದಿನವೇ ಕರೆಸಿ ಕೆಲಸದ ಮಾತಾಡಿದ. ಮೂರು ಪರೀಕ್ಷೆ, ಮೂರರಲ್ಲೂ ಪಾಸಾದರೆ ಖಾಯಂ.

ಮೊದಲೆರಡರಲ್ಲಿ ಅವಳಿಗೆ ಅಳುಕೇನೂ ಆಗಲಿಲ್ಲ. ಒಬ್ಬ ಕುತ್ತಿಗೆಗೆ ಪಟ್ಟಿ ಹಾಕಿಕೊಂಡೇ ಟೀವಿಯನ್ನು ಹೆಗಲ ಮೇಲೆ ಹೊತ್ತು, ಶಿಳ್ಳೆ ಹಾಕುತ್ತ ಹೋಗಿದ್ದ. ಇನ್ನೊಬ್ಬಳ ಮುರಿದ ಕೈ ಸಂತೆಯಲ್ಲಿ ಜಗಳವಾಡುವಾಗ ಗಿರಗಿರ ತಿರುಗಿತ್ತು. ಆ ಚಿತ್ರಗಳನ್ನು ಕೊಟ್ಟು ಬಂದ ದಿನ ಅವಳು ನೆಮ್ಮದಿಯಾಗಿ ಊಟ ಮಾಡಿದ್ದಳು. ಈ ಹಮಾಲಿ ಮಾತ್ರ ಆರು ದಿನ ಕಳೆದರೂ ಒಂದು ಪತ್ರಿಕೆಗಿಂತ ಭಾರದ್ದೇನನ್ನೂ ಎತ್ತಿರಲಿಲ್ಲ. ಒಂದೋ ಇವನು ಬಹಳ ಗಟ್ಟಿ ಕಳ್ಳ, ಇಲ್ಲವೋ ಕಳ್ಳನೇ ಅಲ್ಲ. ಅವಳಿಗೆ ಎರಡನೆಯದನ್ನು ಯೋಚಿಸಲು ಇಷ್ಟವಿರಲಿಲ್ಲ.

ನಿಮ್ಮ ಹಳೇ ಕಸುಬನ್ನೇ ಮಾಡ್ತಾ ನಿಲ್ಲಿ, ಯಾರಿಗೂ ಅನುಮಾನ ಬರಲ್ಲ ಎಂದು ಅಧಿಕಾರಿ ಹೇಳಿದ್ದರಿಂದ, ಅವಳು ಆ ಬೀದಿಯಲ್ಲಿ ವಾರವಿಡೀ ದಾರಿಹೋಕರ ಫೋಟೋ ತೆಗೆದು ಚೀಟಿ ಹಂಚುತ್ತಲೇ ಇದ್ದಳು.

ಹಮಾಲಿ ಕೊನೆಯ ಮೆಟ್ಟಿಲಿನ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತ. ಕೋಲು ಮೊಣಕಾಲಿಗೆ ಒರಗಿತ್ತು. ಹತ್ತು ಗಂಟೆಯ ಹೊತ್ತಿಗೆ ನೀರಿನ ಗಾಡಿಯವನು ಬಂದು ದೊಡ್ಡ ಕ್ಯಾನನ್ನು ಬಾಗಿಲಲ್ಲೇ ಇಳಿಸಿ ಹೊರಟುಹೋದ. ಮಹಡಿ ಹತ್ತುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಹಮಾಲಿಯ ಹೆಂಡತಿ ಇಳಿದು ಬಂದಳು, ಗಾಳಿ ಬಂದರೆ ಹಾರಿಹೋಗುವಂಥ ಹೆಂಗಸು. ಕ್ಯಾನನ್ನು ಮಗುವಿನಂತೆ ತಬ್ಬಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಇಷ್ಟು ದಿನವೂ ಹೀಗೆಯೇ. ಗಂಡ ಅವಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ನೋಡಲಾಗದೆ ನೋಡುತ್ತಿಲ್ಲವೆಂದು ಚೀಟಿಯಮ್ಮನಿಗೆ ಎರಡನೆಯ ದಿನವೇ ಹೊಳೆದಿತ್ತು. ಹೊಳೆದದ್ದನ್ನು ಯಾರಿಗೂ ಹೇಳಿರಲಿಲ್ಲ.

ಐದನೆಯ ಮೆಟ್ಟಿಲಿನಲ್ಲಿ ಆಕೆಯ ಕಾಲು ಜಾರಿತು.

ಒಂದು ಕೈ ಕಂಬಿ ಹಿಡಿಯಿತು, ಇನ್ನೊಂದು ಕೈಯಲ್ಲಿ ಕ್ಯಾನು ಜಾರತೊಡಗಿತು. ಮೈ ಹಿಂದಕ್ಕೆ ವಾಲಿತು. ಹಮಾಲಿ ಎದ್ದದ್ದು ಯಾವಾಗ, ಕೋಲು ಬಿದ್ದದ್ದು ಯಾವಾಗ ಎಂದು ಯಾರೂ ಹೇಳಲಾರರು. ಎರಡು ಮೆಟ್ಟಿಲು ಒಂದೇ ಹೆಜ್ಜೆಗೆ ಹತ್ತಿ, ಕ್ಯಾನನ್ನು ಎರಡೂ ಕೈಯಿಂದ ಬಾಚಿ ಎದೆಯ ಮಟ್ಟಕ್ಕೆ ಎತ್ತಿ, ಹೆಂಡತಿಯ ತಲೆಯ ಪಕ್ಕದಿಂದ ದಾಟಿಸಿ, ಮೇಲಿನ ಕಟ್ಟೆಯ ಮೇಲಿಟ್ಟ. ಮೂವತ್ತು ವರ್ಷ ಮೂಟೆ ಹೊತ್ತ ಮೈ ಅದು. ಒಂದು ಹನಿ ಚೆಲ್ಲಲಿಲ್ಲ.

ಚೀಟಿಯಮ್ಮನ ಬೆರಳು ಆಗಲೇ ಒತ್ತುತ್ತಿತ್ತು.

ಆಮೇಲಿನದ್ದನ್ನೂ ಅದು ಬಿಡಲಿಲ್ಲ. ಅವನ ಕೈ ಗೋಡೆಯನ್ನು ತಡಕಿದ್ದು, ಬಾಯಿ ತೆರೆದರೂ ದನಿ ಹೊರಡದೆ ಹೋದದ್ದು, ಮುಖ ಬಿಳಿಚಿಕೊಂಡದ್ದು, ಗೋಡೆಗುಂಟ ಜಾರುತ್ತ ಜಾರುತ್ತ ಮೆಟ್ಟಿಲಿಗೆ ಕುಸಿದದ್ದು, ಹೆಂಡತಿ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದದ್ದು. ಬೆರಳಿಗೆ ಕರುಣೆ ಗೊತ್ತಿರಲಿಲ್ಲ, ಕ್ರೌರ್ಯವೂ ಗೊತ್ತಿರಲಿಲ್ಲ. ನಡೆಯುತ್ತಿರುವುದು ನಡೆದು ಮುಗಿಯುವ ತನಕ ಒತ್ತುವುದಷ್ಟೇ ಅದಕ್ಕೆ ಗೊತ್ತಿತ್ತು.

ಮುಗಿದ ಮೇಲೆ ಕಾಲು ರಸ್ತೆ ದಾಟಿತು. ಕೈ ಜೇಬಿಗೆ ಹೋಗಿ, ಒಂದರಿಂದ ಇಪ್ಪತ್ತು ಎಂದು ನಂಬರು ಗೀಚಿ ಚೀಟಿ ಹರಿಯಿತು. ಚೀಟಿ ಹಮಾಲಿಯ ಬೆವರಿದ ಅಂಗೈಯಲ್ಲಿತ್ತು. ಮತ್ತು ಚೀಟಿಯಮ್ಮನ ಬಾಯಿ ಹೇಳುತ್ತಿತ್ತು:

"ಸಂಜೆ ಐದಕ್ಕೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಹತ್ರ ಬನ್ನಿ. ಚೆನ್ನಾಗಿ ಬಂದಿದೆ."

ಹೇಳಿ ಮುಗಿಸಿದ ಮೇಲಷ್ಟೇ ಚೀಟಿ ಯಾರ ಕೈ ಸೇರಿತೆಂದು ಅವಳಿಗೆ ಹೊಳೆಯಿತು.

"ಏನು ಚೆನ್ನಾಗಿ ಬಂದಿದೆ?" ಹೆಂಡತಿ ತಲೆಯೆತ್ತಿದಳು. "ಇವರು ಇಲ್ಲಿ ಜೀವ ಬಿಡ್ತಾ ಇದಾರೆ, ನಿಮಗೆ ಫೋಟೋ ವ್ಯಾಪಾರನಾ? ನಿಮಗೇನು ಮನೆ ಮಠ ಇಲ್ವಾ ತಾಯಿ?"

ಹಮಾಲಿ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿದ. ನಿಮ್ಮ ಫೋಟೋ ತೆಗೆಯಲಾಗಿದೆ, ಚೀಟಿ ತಂದವರಿಗೆ ಮಾತ್ರ. ಓದಿ ಅವಳ ಮುಖ ನೋಡಿದ, ಎದುರಿನ ಗೂಡಂಗಡಿ ನೋಡಿದ, ಮತ್ತೆ ಅವಳ ಮುಖ ನೋಡಿದ. ಆರು ದಿನಗಳನ್ನು ಒಂದೊಂದಾಗಿ ಕೂಡಿಸುತ್ತಿರುವುದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು.

"ಯಾರು ಕಳಿಸಿದ್ದು ನಿಮ್ಮನ್ನ?"

ಚೀಟಿಯಮ್ಮ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದಳು. ಅವನು ಚೀಟಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಬರ್ತೀನಿ," ಎಂದ. "ಐದಕ್ಕೆ."

ಅವಳು ಹತ್ತಿರದ ಚಹಾದಂಗಡಿಯ ಮೂಲೆಯಲ್ಲಿ ಕೂತು ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಚಿತ್ರ ಸರಿಸಿದಳು. ಒಟ್ಟು ಇಪ್ಪತ್ತು. ಏಳನೆಯದು ಬಂದಾಗ ಚಹಾದ ಲೋಟ ಕೈಯಲ್ಲೇ ಉಳಿಯಿತು. ಕ್ಯಾನಿನೊಳಗಿನ ನೀರು ವಾರೆಯಾಗಿ ನಿಂತು ಬಿಸಿಲನ್ನು ಹಿಡಿದಿತ್ತು. ಅವನ ತೋಳುಗಳ ನರಗಳು, ಹೆಂಡತಿಯ ಬಿಚ್ಚಿದ ಬೆರಳುಗಳು, ಗಾಳಿಯಲ್ಲಿ ಇನ್ನೂ ನೆಲ ಮುಟ್ಟದ ಕೋಲು. ಹತ್ತು ವರ್ಷದಲ್ಲಿ ಅವಳು ಇಷ್ಟು ಒಳ್ಳೆಯ ಚಿತ್ರ ತೆಗೆದಿರಲಿಲ್ಲ. ಹೆಮ್ಮೆ ಉಕ್ಕಿತು. ಉಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಈ ಒಂದನ್ನೇ ನೋಡಿದವರಿಗೆ ಈ ಗಂಡಸು ಬಂಡೆಯನ್ನೂ ಎತ್ತಬಲ್ಲ. ಎಂಟರಿಂದ ಇಪ್ಪತ್ತರ ತನಕ ನೋಡಿದವರಿಗಷ್ಟೇ ಎತ್ತಿದ್ದರ ಬೆಲೆ ಗೊತ್ತಾಗುತ್ತದೆ.

ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಮೊದಲು ಚೀಟಿಯ ವಿಷಯಕ್ಕೆ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಕಳ್ಳನನ್ನು ಹಿಡಿಯಲು ಹೋದ ಪೊಲೀಸು ವಿಳಾಸ ಕೊಟ್ಟು ಬಂದ ಹಾಗಾಯಿತು ಎಂದಳು. ಆಮೇಲೆ ಗಂಭೀರಳಾದಳು.

"ಹೆದರಿದಾಗ ಮೈ ಏನನ್ನಾದ್ರೂ ಎತ್ತುತ್ತೆ ಕಣೇ. ಕಾಲು ಮುರಿದವನು ಹೊಗೆ ಕಂಡು ವಾರ್ಡಿಂದ ಓಡಿದ್ದನ್ನ ನಾನೇ ನೋಡಿದೀನಿ. ಆಮೇಲೆ ಅವನು ಎರಡು ತಿಂಗಳು ಮೇಲೇಳಲಿಲ್ಲ."

"ಹಾಗಾದ್ರೆ ಏನು ಮಾಡ್ಲಿ?"

"ನಾನು ಹೇಳಲ್ಲ. ನೌಕರಿ ಬಿಟ್ಟು ಬಂದು ನಾಳೆ ನನ್ನ ಕಡೆ ಬೆರಳು ತೋರಿಸ್ತೀಯ. ಹಿಡ್ಕೊಂಡ್ರೆ, ಅಕ್ಕನ ಮಂಡಿ ಆಪರೇಷನ್‌ಗೋಸ್ಕರ ಮಾಡಿದೆ ಅಂತೀಯ. ನನ್ನ ಮಂಡಿ ಮೇಲೆ ಇದನ್ನ ಹೊರಿಸ್ಬೇಡಮ್ಮ, ಅದಕ್ಕೆ ನನ್ನನ್ನ ಹೊರೋದೇ ಕಷ್ಟ ಆಗಿದೆ."

ನಾಲ್ಕು ಗಂಟೆಗೆ ಅವಳು ಅಧಿಕಾರಿಯ ಕೋಣೆಯಲ್ಲಿದ್ದಳು. ಮೇಜಿನ ಮೇಲೆ ಕಡತಗಳ ಗೋಪುರ, ಅದರ ತುದಿಗೆ ಬಿಸ್ಕತ್ತಿನ ಪೊಟ್ಟಣ. ಅವನು ಕೆಟ್ಟವನೇನಲ್ಲ. ಅವಳು ಬಂದಾಗಲೆಲ್ಲ ಎದ್ದು ಕುರ್ಚಿ ಸರಿಸುತ್ತಿದ್ದ. ಕ್ಯಾಮೆರಾದ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು ನೋಡುತ್ತ ಹೋದ. ಏಳನೆಯದಕ್ಕೆ ನಿಂತ. ಅದೊಂದನ್ನು ತನ್ನ ಕಡತಕ್ಕೆ ಇಳಿಸಿಕೊಂಡು, ಕುರ್ಚಿಯಲ್ಲಿ ಹಿಂದಕ್ಕೊರಗಿ, ಬಿಸ್ಕತ್ತನ್ನು ಅವಳತ್ತ ತಳ್ಳಿದ.

"ಮುಂದಿನವನ್ನೂ ನೋಡಿ ಸಾರ್," ಅಂದಳು. "ಇನ್ನೂ ಹದಿಮೂರು ಇದೆ."

ನೋಡಿದ. ಬೇಗ ಬೇಗ ನೋಡಿದ. ಹದಿನಾರನೆಯದರಲ್ಲಿ, ಹೆಂಡತಿಯ ಹೊಟ್ಟೆಗೆ ಮುಖ ಒತ್ತಿದ್ದ ಗಂಡಸನ್ನು ಕಂಡಾಗ, ಅವನ ಬಾಯಿಯಲ್ಲಿ ಬಿಸ್ಕತ್ತು ಒಂದು ಗಳಿಗೆ ನಿಂತಿತು. ಆಮೇಲೆ ಪರದೆ ಆರಿಸಿದ. ಎತ್ತಿದ್ದಾನೋ ಇಲ್ಲವೋ ಎಂಬುದಷ್ಟೇ ತನ್ನ ಪ್ರಶ್ನೆ, ಎತ್ತಿದ ಮೇಲೆ ಏನಾಯಿತು ಎಂಬುದನ್ನು ಕಂಪನಿ ತನ್ನನ್ನು ಕೇಳಿಲ್ಲ ಎಂದು ಮೆಲುದನಿಯಲ್ಲಿ ವಿವರಿಸಿದ. ವಿಚಾರಣೆಗೆ ಒಂದೇ ಚಿತ್ರ ಸಾಕು, ಮಿಕ್ಕವು ಸುಮ್ಮನೆ ಗೊಂದಲ. ಕಾರ್ಡನ್ನು ಇಲ್ಲೇ ಬಿಟ್ಟುಹೋಗಬೇಕು, ನಾಳೆಯಿಂದ ಅವಳು ಖಾಯಂ.

ಖಾಯಂ ಎಂಬ ಮಾತು ಅವಳ ಕಿವಿಯಲ್ಲಿ ಬೆಚ್ಚಗೆ ಕೂತಿತು. ಮೂವತ್ತನಾಲ್ಕು ವರ್ಷ ಬಿಸಿಲಿನಲ್ಲಿ ನಿಂತ ಕಾಲುಗಳಿಗೆ ಅದು ಕುರ್ಚಿಯಂತೆ ಕೇಳಿಸಿತು.

"ಒಂದು ತಪ್ಪಾಗಿದೆ ಸಾರ್. ಅವನಿಗೆ ಚೀಟಿ ಕೊಟ್ಟುಬಿಟ್ಟಿದೀನಿ."

"ಯಾವ ಚೀಟಿ?"

ಹೇಳಿದಳು. ಅವನು ಮೊದಲು ನಗಲು ಹೋದ, ಆಮೇಲೆ ನಗಲಿಲ್ಲ.

"ಅವನ ಕೈಗೇ ಕೊಟ್ರಾ? ನೀವೇ ಹೋಗಿ?"

"ಕೈ ಕೊಟ್ಟುಬಿಡ್ತು."

ಅವನು ಎದ್ದು ಕಿಟಕಿಯ ತನಕ ಹೋಗಿ ಬಂದ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮೂವತ್ತೈದಾಗಿತ್ತು. ಬೆಂಚಿಗೆ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಮನೆಯಿಂದ ಕೋಲೂರಿಕೊಂಡು ಬರುವ ಹಮಾಲಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಅವನು ಆಗಲೇ ಹೊರಟಿರುತ್ತಾನೆ ಎಂದುಕೊಂಡಳು. ಆ ಸೊಂಟದಲ್ಲಿ, ಆ ಇಪ್ಪತ್ತೆರಡು ಮೆಟ್ಟಿಲು ಇಳಿದು.

"ಪರವಾಗಿಲ್ಲ, ನೀವು ಅಲ್ಲಿಗೆ ಹೋಗ್ಬೇಡಿ, ಅಷ್ಟೇ," ಅಧಿಕಾರಿ ಸಮಾಧಾನದ ದನಿಯಲ್ಲಿ ಹೇಳಿದ. "ಬಂದು ಕಾಯ್ತಾನೆ, ಯಾರೂ ಇಲ್ಲ ಅಂತ ವಾಪಸ್ ಹೋಗ್ತಾನೆ. ಆ ಚೀಟಿಗೇನು ಬೆಲೆ ಇದೆ ಮೇಡಂ, ರಸ್ತೆಲಿ ಹಂಚೋ ಕಾಗದ."

ಚೀಟಿ ಹಿಡಿದು ಬಂದವರು ಖಾಲಿ ಬೆಂಚು ನೋಡಿ ವಾಪಸ್ಸು ಹೋದ ಒಂದು ಸಂಜೆಯೂ ಅವಳ ಲೆಕ್ಕದಲ್ಲಿರಲಿಲ್ಲ. ಜ್ವರ ಬಂದಾಗಲೂ ಹೋಗಿ ಕೂತಿದ್ದಳು. ಸೋದರಮಾವನ ಮಣ್ಣು ಮುಗಿಸಿ ಬಂದ ಸಂಜೆಯೂ ಐದಕ್ಕೆ ಅಲ್ಲಿದ್ದಳು. ಏಳನೆಯ ಚಿತ್ರವನ್ನು ಕಡತದಿಂದ ತೆಗೆಸಲು ಅವಳಿಂದಾಗದು, ತೆಗೆಸಬೇಕೆಂದೂ ಇರಲಿಲ್ಲ. ಅವನು ಎತ್ತಿದ್ದು ಸುಳ್ಳಲ್ಲ. ಆದರೆ ಚೀಟಿಯ ಮೇಲೆ ಒಂದರಿಂದ ಇಪ್ಪತ್ತು ಎಂದು ಅವಳ ಕೈಯಕ್ಷರವೇ ಇತ್ತು, ಆ ಇಪ್ಪತ್ತೂ ಈಗ ಅವನವು. ಚೀಲದಲ್ಲಿದ್ದ ಪುಟ್ಟ ಪ್ರಿಂಟರಿಗೆ ಒಂದೊಂದು ಚಿತ್ರಕ್ಕೆ ಅರ್ಧ ನಿಮಿಷ ಬೇಕು. ನಾಳೆ ವಿಚಾರಣೆಯಲ್ಲಿ ಕಂಪನಿ ತನ್ನದೊಂದನ್ನು ಮೇಜಿನ ಮೇಲಿಟ್ಟರೆ, ಹಮಾಲಿ ಪಕ್ಕದಲ್ಲಿ ತನ್ನ ಇಪ್ಪತ್ತನ್ನು ಸಾಲಾಗಿ ಇಡಬಹುದು.

ಅಧಿಕಾರಿ ಮತ್ತೆ ಕುರ್ಚಿಯಲ್ಲಿ ಕೂತು, ಮೇಜಿನ ಖಾನೆಯಿಂದ ಒಂದು ಅರ್ಜಿ ತೆಗೆದು ತುಂಬತೊಡಗಿದ್ದ. ಪೂರ್ತಿ ಹೆಸರು ಕೇಳಿದ, ಅವಳು ಹೇಳಿದಳು. ಹುಟ್ಟಿದ ವರ್ಷ ಕೇಳಿದ, ಅದನ್ನೂ ಹೇಳಿದಳು. ಹೇಳುತ್ತಲೇ ಕೈ ಚಾಚಿ, ಕಂಪ್ಯೂಟರಿನ ಮಗ್ಗುಲಿಂದ ಕಾರ್ಡನ್ನು ಎಳೆದುಕೊಂಡು ಕ್ಯಾಮೆರಾದೊಳಗೆ ಕೂರಿಸಿದಳು. ಬರೆಯುತ್ತಿದ್ದವನ ತಲೆ ಬಗ್ಗಿಯೇ ಇತ್ತು.

"ಗುರುತಿನ ಚೀಟಿಗೆ ನಿಮ್ದೇ ಎರಡು ಫೋಟೋ ಬೇಕಾಗುತ್ತೆ," ಎನ್ನುತ್ತಿದ್ದ ಅವನು. "ಮುಖ ನೇರ ಇರ್ಬೇಕು, ಕಿವಿ ಎರಡೂ ಕಾಣ್ಬೇಕು. ನಿಮಗೆ ಹೇಳ್ಕೊಡೋದೇನಿದೆ, ಆದ್ರೂ ನಮ್ಮ ಆಫೀಸಿನವರು ಸ್ವಲ್ಪ ಕಿರಿಕಿರಿ. ಆಮೇಲೆ ರಜೆ ವಿಷಯ ಹೇಳ್ಬಿಡ್ತೀನಿ, ವರ್ಷಕ್ಕೆ ಹದಿನೈದು, ಅದು ಬಿಟ್ಟು..."

ಚೀಟಿಯಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದಳು. ಕಾರಿಡಾರಿನ ಅರ್ಧಕ್ಕೆ ಬಂದಾಗಲೂ ಅವನ ದನಿ ಹಿಂದೆ ಕೇಳುತ್ತಲೇ ಇತ್ತು. ಮೇಡಂ, ಇಲ್ಲೊಂದು ಸಹಿ ಎನ್ನುವಷ್ಟರಲ್ಲಿ ಅವಳು ಮೆಟ್ಟಿಲು ಇಳಿಯುತ್ತಿದ್ದಳು.